ಲೆಕ್ಕಕ್ಕುಂಟು, ಆಟಕ್ಕಿಲ್ಲ

ಮಾರ್ಗಶಿರದ ಒಂದು ಮಧ್ಯಾಹ್ನ. ರಾಗಿ ಕೊಯ್ಲಿಗೆ ಹೋದವರು ಇನ್ನೂ ಹೊಲದಿಂದ ಬಂದಿರಲಿಲ್ಲ. ಜಗಲಿಯ ಮೇಲೆ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಸೊಂಟಕ್ಕೆ ನಮ್ಮೂರಿನ ಆಶಾ ಕಾರ್ಯಕರ್ತೆ ಟೇಪು ಸುತ್ತಿ ಅಳತೆ ತೆಗೆದಳು. ವಯಸ್ಸು ಕೇಳಿದಳು. ಹೊಗೆಸೊಪ್ಪು ಹಾಕುತ್ತೀರಾ, ಅಪ್ಪ ಅವ್ವನಿಗೆ ಸಕ್ಕರೆ ಕಾಯಿಲೆ ಇತ್ತೇ ಎಂದು ವಿಚಾರಿಸಿದಳು. ಅಜ್ಜಿ ಎಲ್ಲಕ್ಕೂ ಉತ್ತರ ಕೊಟ್ಟು, ಸಿಪ್ಪೆಯನ್ನು ಹಸುವಿನ ಕಡೆ ಎಸೆದು, ತಲೆ ಎತ್ತದೆ ಕೇಳಿದಳು:

"ವರ್ಸ ವರ್ಸ ಬಂದು ಬರ್ಕಂಡೋಯ್ತೀರ ಕಣವ್ವ. ಬರ್ಕಂಡೋದ್ದು ಏನಾಯ್ತು ಅಂತ ಒಂದಪನಾರ ಬಂದು ಯೋಳಿದ್ದೀರಾ?"

ಆಶಾ ನನ್ನ ಮುಖ ನೋಡಿದಳು. ಹೈಸ್ಕೂಲಿನಲ್ಲಿ ಅವಳು ನನ್ನ ವಿದ್ಯಾರ್ಥಿನಿ. ನಿವೃತ್ತನಾಗಿ ನಾಗಮಂಗಲ ತಾಲ್ಲೂಕಿನ ದೇವಲಾಪುರ ಹೋಬಳಿಯ ನನ್ನ ಊರಿಗೆ ಮರಳಿದ ಮೇಲೆ, ತಿಂಗಳ ಕೊನೆಯಲ್ಲಿ ಒಟ್ಟು ಕೂಡುವ ಕೆಲಸಕ್ಕೆ ಅವಳು ನನ್ನ ಬಳಿ ಬರುತ್ತಿದ್ದಳು. ಹೆಸರುಗಳು ಅವಳ ಪುಸ್ತಕದಲ್ಲೇ ಉಳಿಯುತ್ತಿದ್ದವು, ನನಗೆ ಸಿಗುತ್ತಿದ್ದುದು ಗೀಟುಗಳ ಎಣಿಕೆ ಮಾತ್ರ. ಆ ದಿನ ದಾರಿಗೆ ಜೊತೆಯಾಗಿದ್ದೆ. ಅಜ್ಜಿಯ ಪ್ರಶ್ನೆಗೆ ಅವಳಲ್ಲಿಯೂ ಉತ್ತರವಿರಲಿಲ್ಲ, ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ನನ್ನಲ್ಲಿಯೂ ಇರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನನಗೆ ನೆನಪಾದದ್ದು ಮಕ್ಕಳಾಟದ ಒಂದು ಮಾತು. ದೊಡ್ಡವರ ಆಟಕ್ಕೆ ಅಳುತ್ತಾ ಬಂದ ಪುಟ್ಟ ತಮ್ಮನನ್ನೋ ತಂಗಿಯನ್ನೋ ಸಮಾಧಾನಕ್ಕೆ ಸೇರಿಸಿಕೊಂಡು, ಆ ಮಗು "ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂದು ಎಲ್ಲರೂ ಒಪ್ಪಿಕೊಳ್ಳುತ್ತಿದ್ದೆವು. ಅದು ಓಡಬಹುದು, ಬೀಳಬಹುದು, ಆದರೆ ಔಟಾದರೆ ಯಾರೂ ಎಣಿಸುವುದಿಲ್ಲ. ಆ ಅಜ್ಜಿಯ ಸ್ಥಿತಿ ಇದಕ್ಕೆ ತಿರುಗುಮುರುಗು. ಅವಳ ವಯಸ್ಸು, ಸೊಂಟದ ಸುತ್ತಳತೆ, ಬಿಪಿ ಎಲ್ಲವೂ ಎಣಿಕೆಗೆ ಸೇರಿವೆ. ಆ ಎಣಿಕೆಯನ್ನು ಇಟ್ಟುಕೊಂಡು ಎಲ್ಲೋ ಯಾರೋ ಆಡುವ ಆಟದಲ್ಲಿ ಅವಳಿಗೆ ಜಾಗವಿಲ್ಲ. ಅವಳು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಆ ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡು ನಾನು ಕೆಲವು ತಿಂಗಳು ತಿರುಗಿದ್ದೇನೆ. ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

ತರಗತಿಯಲ್ಲಿ ಭಿನ್ನರಾಶಿ ಹೇಳಿಕೊಡುವಾಗ ಗೆರೆಯ ಮೇಲಿನದು ಅಂಶ, ಕೆಳಗಿನದು ಛೇದ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮಕ್ಕಳು ಅಂಶವನ್ನು ಬೇಗ ಹಿಡಿಯುತ್ತಾರೆ, ಛೇದವನ್ನು ಮರೆಯುತ್ತಾರೆ. ಎರಡು ದೊಡ್ಡದೋ ಮೂರು ದೊಡ್ಡದೋ ಎಂದರೆ ಮೂರು ಎಂದು ಕೂಗುತ್ತಾರೆ. ಐದರಲ್ಲಿ ಎರಡು ದೊಡ್ಡದೋ ಹತ್ತರಲ್ಲಿ ಮೂರು ದೊಡ್ಡದೋ ಎಂದರೆ ಸುಮ್ಮನಾಗುತ್ತಾರೆ. ಆಸ್ಪತ್ರೆಯ ಓಪಿಡಿ ಪುಸ್ತಕದಲ್ಲಿ ಇರುವುದು ಬರೀ ಅಂಶ. ಬಾಗಿಲಿಗೆ ಬಂದವರು ಮಾತ್ರ ಅಲ್ಲಿ ಸಿಗುತ್ತಾರೆ. ಪ್ರೀತಿಯಿಂದ ಮಾತನಾಡಿಸುವ ವೈದ್ಯರಿರುವ ಕಡೆ ಬಿಪಿ ರೋಗಿಗಳ ಪಟ್ಟಿ ಉದ್ದವಾಗುತ್ತದೆ, ವೈದ್ಯರಿಲ್ಲದ ಕಡೆ ಮೋಟಾಗುತ್ತದೆ. ಪುಸ್ತಕವನ್ನು ನಂಬಿದರೆ ವೈದ್ಯರಿಲ್ಲದ ಊರೇ ಆರೋಗ್ಯವಂತ ಊರು! ಬಾರದವರೆಷ್ಟು ಎಂಬುದು ಗೊತ್ತಿರುವುದು ಮನೆಮನೆ ಹತ್ತಿ ಇಳಿಯುವ ಆಶಾಗೆ. ಸಾವಿರ ಜನಕ್ಕೆ ಒಬ್ಬರಂತೆ 2005ರಿಂದ ಹಳ್ಳಿಗಳಿಗೆ ಬಂದ ಈ ಹೆಣ್ಣುಮಕ್ಕಳ ಚೀಲದಲ್ಲಿ ನಮ್ಮ ಆರೋಗ್ಯದ ಛೇದವಿದೆ.

ಛೇದ ಮರೆತರೆ ಏನಾಗುತ್ತದೆ ಎಂದು ನನ್ನ ಮನೆಯೇ ನನಗೆ ಕಲಿಸಿದೆ.

ನನ್ನ ಅವ್ವ ತೀರಿಕೊಂಡಾಗ ಅವಳಿಗೆ ಅರವತ್ತಾರು. ಬೆಳಗಿನ ಜಾವ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವಳ ಬಲಗೈ ಸೋತು ಚೆಂಬು ಉರುಳಿತು. ಬಾಯಿ ಸೊಟ್ಟಗಾಯಿತು. ಲಕ್ವ ಹೊಡೆದಿದೆ ಎಂದು ಗೊತ್ತಾಗಲು ವೈದ್ಯರು ಬೇಕಿರಲಿಲ್ಲ. ಮೂರನೆಯ ದಿನ ಹೋಗಿಬಿಟ್ಟಳು. ಅದಕ್ಕೂ ಐದಾರು ವರ್ಷ ಮೊದಲು ಕಣ್ಣಿನ ಪೊರೆ ತೆಗೆಯುವ ಕ್ಯಾಂಪಿನಲ್ಲಿ ಅವಳಿಗೆ ಬಿಪಿ ಇದೆ ಎಂದು ಹೇಳಿ ಒಂದು ತಿಂಗಳ ಮಾತ್ರೆ ಕೊಟ್ಟಿದ್ದರು. ಮಾತ್ರೆ ಮುಗಿಯಿತು. ತಲೆ ಸುತ್ತಲಿಲ್ಲ, ಎದೆ ನೋಯಲಿಲ್ಲ, ಆದ್ದರಿಂದ ಅವಳು ಮತ್ತೆ ಕೇಳಲಿಲ್ಲ. ಯಾರೂ ಅವಳನ್ನು ಹುಡುಕಿಕೊಂಡು ಬರಲಿಲ್ಲ. ಮಗ್ಗಿ ತಪ್ಪಿದ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದ ನಾನೂ ಅವ್ವನ ಮಾತ್ರೆಯನ್ನು ಲೆಕ್ಕ ಇಡಲಿಲ್ಲ.

ಮರಣ ನೋಂದಣಿಗೆ ಹೋದಾಗ ಕಾರಣ ಕೇಳಿದರು. "ವಯಸ್ಸಾಗಿತ್ತು" ಎಂದೆ. ವಯೋಸಹಜ ಎಂದು ಬರೆದುಕೊಂಡರು. ಆ ಪದವನ್ನು ಹೇಳಿದವನು ನಾನೇ. ಅಂದು ಅದು ಗೌರವದ ಮಾತು ಅನ್ನಿಸಿತ್ತು. ಈಗ ಅನ್ನಿಸುವುದೇ ಬೇರೆ: ಆ ಒಂದು ಪದದಿಂದ ಅವ್ವನ ಸಾವು ಯಾರಿಗೂ ಏನನ್ನೂ ಹೇಳದಂತಾಯಿತು. ಅವಳ ಓರಗೆಯ ಎಷ್ಟು ಹೆಂಗಸರು ಹೀಗೆಯೇ ಹೋದರೋ, ಎಲ್ಲರ ಮೇಲೂ ಅದೇ ಪದದ ಮುಸುಕು. 2020ರಲ್ಲಿ ನಮ್ಮ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಶೇ. 22.5 ಮಾತ್ರ. ಮಿಕ್ಕವರು ಏಕೆ ಸತ್ತರು ಎಂಬುದು ಮನೆಯವರಿಗೆ ಗೊತ್ತು, ಊರಿಗೆ ಗೊತ್ತು, ಯೋಜನೆ ಮಾಡುವವರ ಮೇಜಿಗೆ ಗೊತ್ತಿಲ್ಲ. ಸತ್ತವರ ಮನೆಗೆ ತರಬೇತಿಯಾದವರು ಹೋಗಿ, ಕೊನೆಯ ದಿನಗಳ ಲಕ್ಷಣಗಳನ್ನು ಸಾವಧಾನವಾಗಿ ಕೇಳಿ, ಕಾರಣವನ್ನು ಅಂದಾಜು ಮಾಡುವ ವಿಧಾನವೊಂದಿದೆ. ದೇಶದ ಕಾರಣವಾರು ಸಾವಿನ ಚಿತ್ರದ ಬಹುಭಾಗವನ್ನು ಕಟ್ಟಿರುವುದು ಅದೇ ವಿಧಾನದಿಂದ. ಯಾರಾದರೂ ನನ್ನ ಮುಂದೆ ಕೂತು "ಕೈ ಯಾವಾಗ ಸೋತಿತು? ಮಾತು ಯಾವಾಗ ನಿಂತಿತು?" ಎಂದು ಕೇಳಿದ್ದರೆ ನಾನು ಎಲ್ಲವನ್ನೂ ಹೇಳುತ್ತಿದ್ದೆ.

ಎಣಿಸುವುದು ನಮ್ಮ ಸೀಮೆಗೆ ಹೊಸದಲ್ಲ. 1871ರಲ್ಲಿ ಮೈಸೂರು ಸಂಸ್ಥಾನದ ಜನಗಣತಿಯಾದಾಗ ಇದ್ದವರು 50,55,412. ಹತ್ತು ವರ್ಷದ ನಂತರ, 1881ರಲ್ಲಿ, 41,86,188. ನಡುವೆ ಬಂದುಹೋದದ್ದು ಧಾತು, ಈಶ್ವರ ಸಂವತ್ಸರಗಳ ಮಹಾ ಬರ. ಎರಡು ಸಂಖ್ಯೆಗಳ ವ್ಯತ್ಯಾಸ ಎಂಟೂವರೆ ಲಕ್ಷಕ್ಕೂ ಮಿಗಿಲು, ಹುಟ್ಟದೇ ಹೋದವರು ಬೇರೆ. ಹಾಡು, ಲಾವಣಿ, ಹಿರಿಯರ ನಿಟ್ಟುಸಿರು ಎಲ್ಲವೂ ಬರದ ಕಥೆ ಹೇಳಬಲ್ಲವು, ಆದರೆ ಅದರ ಗಾತ್ರವನ್ನು ಹೇಳಿದ್ದು ಆ ವ್ಯವಕಲನ. ಇದ್ದವರನ್ನು ಒಮ್ಮೆ ಎಣಿಸಿಟ್ಟಿದ್ದರಿಂದ ಇಲ್ಲವಾದವರು ಕಾಣಿಸಿದರು.

ಇನ್ನೊಂದು ಉದಾಹರಣೆ ಇನ್ನೂ ಹತ್ತಿರದ್ದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ನಮ್ಮ ಕಡೆಯವರು ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ಆ ಹಾಳೆಗಳು ದಶಕಗಳ ಕಾಲ ಸುಮ್ಮನೆ ಉಳಿದವು. 1990ರ ದಶಕದಲ್ಲಿ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಸುತ್ತಮುತ್ತ ಬದುಕುತ್ತಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕಿಲೋಗೂ ಮೇಲಿದ್ದವರಲ್ಲಿ ನೂರಕ್ಕೆ 3. ಆ ವರದಿ 1996ರಲ್ಲಿ ಹೊರಬಂದಾಗ, ಬಸುರಿಯ ಹೊಟ್ಟೆಗೂ ಮಗನ ಐವತ್ತನೆಯ ವರ್ಷದ ಎದೆನೋವಿಗೂ ನಂಟಿದೆ ಎಂಬುದನ್ನು ಜಗತ್ತು ಮೈಸೂರಿನ ಅಂಕಿಗಳಲ್ಲಿ ಓದಿತು. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾದು ಸರಿಯಾದ ಸಂಖ್ಯೆ ಬರೆದ ಆ ದಾದಿಯರಿಗೆ ತಾವು ಬರೆಯುತ್ತಿರುವುದು ಏನೆಂದು ಗೊತ್ತಿರಲಿಕ್ಕಿಲ್ಲ. ಕೆಲಸ ಶ್ರದ್ಧೆಯಿಂದ ಮಾಡಿದ್ದರು, ಅಷ್ಟೆ. ನಮ್ಮ ಆಶಾ ಟೇಪು ಹಿಡಿದು ನಿಂತಾಗ ನನಗೆ ಅವರ ನೆನಪಾಗುತ್ತದೆ.

ಆದರೆ ಅರವತ್ತು ವರ್ಷ ಕಾಯುವುದಕ್ಕೆ ಜಗಲಿಯ ಅಜ್ಜಿಗೆ ಸಮಯವಿಲ್ಲ. ಅವಳು ಕೇಳುತ್ತಿರುವುದು ಈ ವರ್ಷದ ಮಾತು.

ಸೇವೆಗಳನ್ನು ಹಂಚುವ ಕ್ರಮ ಸರಳವಾದದ್ದು. ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000ಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000ಕ್ಕೆ ಸಮುದಾಯ ಆರೋಗ್ಯ ಕೇಂದ್ರ. ತಲೆಗೆ ತಲೆ ಸಮ ಎಂಬ ನ್ಯಾಯ ಇದರಲ್ಲಿದೆ, ಮತ್ತು ಅದು ಸಣ್ಣ ನ್ಯಾಯವಲ್ಲ. ಆದರೆ ನಮ್ಮ ಜಿಲ್ಲೆಯ ತಲೆಗಳನ್ನು ನೋಡಿ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ. 15.6ರಷ್ಟು ಬೆಳೆದರೆ ಮಂಡ್ಯ ಜಿಲ್ಲೆಯದು ಬೆಳೆದದ್ದು ಶೇ. 2.38. ಹುಟ್ಟು ಕಡಿಮೆಯಾಗಿರುವುದು ಒಂದು ಕಾರಣ, ಬೆಂಗಳೂರು ಇನ್ನೊಂದು. ನಮ್ಮೂರಿನ ಹುಡುಗರು ಪೀಣ್ಯದಲ್ಲೋ ಕೆಂಗೇರಿಯಲ್ಲೋ ಇದ್ದಾರೆ, ಹಬ್ಬಕ್ಕೆ ಬರುತ್ತಾರೆ. ಆಶಾಳ ಪುಸ್ತಕದಲ್ಲಿ ಎಳೆಯರ ಪುಟಗಳು ತೆಳ್ಳಗಾಗಿವೆ, ಅರವತ್ತು ದಾಟಿದವರ ಪುಟಗಳು ದಪ್ಪಗಾಗಿವೆ. ಸಾವಿರ ಜನರ ಎರಡು ಹಳ್ಳಿಗಳನ್ನು ತೆಗೆದುಕೊಳ್ಳಿ: ಒಂದರಲ್ಲಿ ಬಾಣಂತಿಯರು, ಕೂಸುಗಳು. ಇನ್ನೊಂದರಲ್ಲಿ ಮೊಣಕಾಲು ಹಿಡಿದು ಏಳುವ ಮುದುಕರು. ತಲೆ ಎಣಿಸಿದರೆ ಎರಡೂ ಒಂದೇ. ಒಂದಕ್ಕೆ ಲಸಿಕೆಯ ಪೆಟ್ಟಿಗೆ ಬೇಕು, ಇನ್ನೊಂದಕ್ಕೆ ಬಿಪಿ ಮಾತ್ರೆ ಮತ್ತು ಬಾಗಿಲಿಗೆ ಬರುವ ದಾದಿ. ಊರಿನ ಜನ ಕಡಿಮೆಯಾದಂತೆ ಸೇವೆಯ ಹಕ್ಕು ಕಿರಿದಾಗುತ್ತದೆ, ಉಳಿದವರ ವಯಸ್ಸು ಏರಿದಂತೆ ಸೇವೆಯ ಅಗತ್ಯ ಹಿರಿದಾಗುತ್ತದೆ. ಅದರ ಮೇಲೆ, 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ 2027ಕ್ಕೆ ನಿಗದಿಯಾಯಿತು. ಇಷ್ಟು ವರ್ಷ ನಮ್ಮ ಅಳತೆಗೋಲು 2011ರದ್ದೇ.

ಅಗತ್ಯ ಹಿರಿದಾದ ಕಡೆ ಸೇವೆ ಕಿರಿದಾಗುವುದನ್ನು ನಮಗಿಂತ ಮೊದಲೇ ಕಂಡವರೊಬ್ಬರಿದ್ದರು. ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರು ವೇಲ್ಸ್ ದೇಶದ ಗ್ಲಿನ್‌ಕೊರಗ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ ದಶಕಗಳ ಕಾಲ ಕೆಲಸ ಮಾಡಿದರು. ಒಳ್ಳೆಯ ವೈದ್ಯಸೇವೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಎಂಬ ನಿಯಮವನ್ನು 1971ರಲ್ಲಿ ಬರೆದವರು ಅವರು. ಬರೆದು ಸುಮ್ಮನಾಗಲಿಲ್ಲ. ರೋಗಿ ಬರಲಿ ಎಂದು ಕಾಯದೆ ಊರಿನ ವಯಸ್ಕರ ಪಟ್ಟಿ ಹಿಡಿದು ಒಬ್ಬೊಬ್ಬರ ರಕ್ತದೊತ್ತಡ ಅಳೆಯಲು ಹೊರಟರು. ಅವರ ಕೈಯಲ್ಲಿದ್ದದ್ದು ಛೇದ. ನನ್ನ ಅವ್ವ ಆ ಊರಿನಲ್ಲಿದ್ದಿದ್ದರೆ, ಮಾತ್ರೆ ಮುಗಿದ ಎರಡನೆಯ ತಿಂಗಳು ಯಾರೋ ಬಂದು ಬಾಗಿಲು ಬಡಿಯುತ್ತಿದ್ದರು.

ಅಷ್ಟು ದೂರ ಹೋಗಬೇಕಿಲ್ಲ, ಕಾವೇರಿ ದಾಟಿ ಯಳಂದೂರಿಗೆ ಹೋದರೆ ಸಾಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಕೆಲಸ ಆರಂಭಿಸಿದ ಡಾ. ಎಚ್. ಸುದರ್ಶನ್ 1986ರಲ್ಲಿ ಕರುಣಾ ಟ್ರಸ್ಟ್ ಕಟ್ಟಿದ್ದು ಯಳಂದೂರು ತಾಲ್ಲೂಕಿನ ಕುಷ್ಠರೋಗಕ್ಕಾಗಿ. ಮುಂದೆ ಅದೇ ತಾಲ್ಲೂಕಿನಲ್ಲಿ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಮೂರ್ಛೆರೋಗದ ಮನೆಮನೆ ಸಮೀಕ್ಷೆ ಮಾಡಿದರು. 64,963 ಜನರಲ್ಲಿ ಸಾವಿರಕ್ಕೆ 4.63ರಷ್ಟು ಮಂದಿಗೆ ಮೂರ್ಛೆರೋಗವಿತ್ತು. ಇದನ್ನು ಓದಿದಾಗ ನನ್ನ ಕೈ ತಾನಾಗಿ ಗುಣಾಕಾರ ಮಾಡಿತು: ಸುಮಾರು 300 ಜನ. ದೇವರು ಮೈಮೇಲೆ ಬಂತೆಂದೋ ಗಾಳಿ ಹಿಡಿಯಿತೆಂದೋ ಬಚ್ಚಿಟ್ಟಿದ್ದ 300 ಮಕ್ಕಳು, ಸೊಸೆಯಂದಿರು, ಗಂಡಸರು. ಒಬ್ಬರಿಗೆ ದಿನಕ್ಕೆ ಒಂದೇ ಮಾತ್ರೆ ಎಂದು ಹಿಡಿದರೂ ವರ್ಷಕ್ಕೆ 1,09,500 ಮಾತ್ರೆ ಬೇಕು. ಹಳೆಯ, ಅಗ್ಗದ ಫಿನೊಬಾರ್ಬಿಟೋನ್ ಮತ್ತು ಫೆನಿಟೋಯಿನ್ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಈ ರೋಗವನ್ನು ಹತೋಟಿಗೆ ತರಬಹುದೆಂದು ಅವರು ತೋರಿಸಿದರು. ಸಮೀಕ್ಷೆಯ ಸಂಖ್ಯೆ ಹೀಗೆ ಮಾತ್ರೆಯ ಎಣಿಕೆಯಾಗಿ ಬದಲಾದಾಗ ಅದಕ್ಕೆ ಯೋಜನೆ ಎಂಬ ಹೆಸರು ಒಪ್ಪುತ್ತದೆ.

ಸಾಮಾನ್ಯವಾಗಿ ನಡೆಯುವುದು ಬೇರೆ. ಹೋದ ವರ್ಷ ಎಷ್ಟು ಮಾತ್ರೆ ಖರ್ಚಾಯಿತೋ ಅದರ ಮೇಲೆ ಈ ವರ್ಷದ ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ಬರೆಯುತ್ತಾರೆ. ಹೋದ ವರ್ಷ ನಾಲ್ಕು ತಿಂಗಳು ಮಾತ್ರೆ ಇಲ್ಲದಿದ್ದರೆ ಖರ್ಚು ಕಡಿಮೆ ಕಾಣುತ್ತದೆ. ಖರ್ಚು ಕಡಿಮೆಯಾದ್ದರಿಂದ ಇಂಡೆಂಟೂ ಕಡಿಮೆಯಾಗುತ್ತದೆ. ಕೊರತೆ ತನ್ನ ಹೊಟ್ಟೆಯಿಂದಲೇ ಮುಂದಿನ ಕೊರತೆಯನ್ನು ಹೆರುತ್ತದೆ. ಇದನ್ನು ಮುರಿಯಲು ಬೇಕಾದದ್ದು ಒಂದು ಸಾಮಾನ್ಯ ಪ್ರಶ್ನೆ: ಖರ್ಚಾದದ್ದೆಷ್ಟು ಎನ್ನುವ ಬದಲು ಬೇಕಾದವರೆಷ್ಟು ಎಂದು ಕೇಳುವುದು. ಉತ್ತರ ಆಶಾಳ ಚೀಲದಲ್ಲಿದೆ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿದ ಗೃಹ ಆರೋಗ್ಯ ಯೋಜನೆ ಬಿಪಿ, ಶುಗರ್ ತಪಾಸಣೆಯನ್ನೂ ಮಾತ್ರೆಯನ್ನೂ ಮನೆಬಾಗಿಲಿಗೆ ತರುವ ಮಾತಾಡುತ್ತಿದೆ. ಅದರ ಗೆಲುವೂ ಈ ಪ್ರಶ್ನೆಯ ಮೇಲೆಯೇ ನಿಂತಿದೆ.

ಸರಾಸರಿಯ ವಿಚಾರವನ್ನೂ ಹೇಳಬೇಕು. ಮಂಡ್ಯ ಎಂದರೆ ಹೊರಗಿನವರ ಕಣ್ಣಿಗೆ ಕಬ್ಬು, ಭತ್ತ, ವಿಶ್ವೇಶ್ವರಯ್ಯ ನಾಲೆ. ನಾಗಮಂಗಲ ರಾಗಿ, ಹುರುಳಿ, ತೆಂಗು ಮತ್ತು ಕೊಳವೆಬಾವಿಯ ಊರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂಥ ದೊಡ್ಡ ಕೆಲಸ ಜಿಲ್ಲೆಯ ಮಟ್ಟದ ಅಂಕಿ ಕೊಡುತ್ತದೆ, ಹೋಬಳಿಯದ್ದಲ್ಲ. ನಾಲೆಯ ಶ್ರೀರಂಗಪಟ್ಟಣವನ್ನೂ ಬೋರ್‌ವೆಲ್ಲಿನ ನಾಗಮಂಗಲವನ್ನೂ ಕೂಡಿ ಭಾಗಿಸಿದರೆ ಬರುವ ಉತ್ತರ ಎರಡೂ ಊರಿನದ್ದಲ್ಲ.

ನಮ್ಮ ಕಡೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ನೆಲದೊಳಗಿನ ಕಗ್ಗಲ್ಲಿನಿಂದ ಅದು ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ಎಂಬುದು ನಮ್ಮ ದೇಶದ ಮಾನದಂಡ. ತರಗತಿಯಲ್ಲಿ ನಕ್ಕಾಗ ಬಾಯಿಗೆ ಕೈ ಅಡ್ಡ ಇಡುತ್ತಿದ್ದ ಹೆಣ್ಣುಮಕ್ಕಳನ್ನು ನಾನು ವರ್ಷಗಟ್ಟಲೆ ಕಂಡಿದ್ದೇನೆ. ನಾಚಿಕೆ ಎಂದುಕೊಂಡಿದ್ದೆ. ಹಲ್ಲಿನ ಮೇಲೆ ಕಂದು ಗೀರುಗಳಿದ್ದವು. ಆ ಗೀರು ಮೂಡುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಎಳೆಯ ವರ್ಷಗಳಲ್ಲಿ. ಒಮ್ಮೆ ಮೂಡಿದರೆ ಉಜ್ಜಿ ಅಳಿಸಲಾಗದು. ಹನ್ನೆರಡು ವರ್ಷದ ಹುಡುಗಿಯ ಹಲ್ಲು ಎಂಟು ಹತ್ತು ವರ್ಷದ ಹಿಂದೆ ಆ ಮನೆಯವರು ಕುಡಿದ ನೀರಿನ ದಾಖಲೆ. ಊರೂರಿನ ಶಾಲೆಗಳ ಹಲ್ಲಿನ ತಪಾಸಣೆಯ ಹಾಳೆಯನ್ನೂ ಬೋರ್‌ವೆಲ್ಲುಗಳ ನೀರಿನ ಪರೀಕ್ಷೆಯ ಹಾಳೆಯನ್ನೂ ಒಂದೇ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರೆ ಶುದ್ಧ ನೀರಿನ ಘಟಕ ಮೊದಲು ಯಾವ ಊರಿಗೆ ಬೇಕು ಎಂದು ಯಾರನ್ನೂ ಕೇಳಬೇಕಿಲ್ಲ. ಆದರೆ ಹಲ್ಲು ಒಂದು ಇಲಾಖೆಯದು, ನೀರು ಇನ್ನೊಂದರದು. ಎರಡೂ ಸೇರುವುದು ಮಗುವಿನ ಬಾಯಲ್ಲಿ ಮಾತ್ರ.

ಇನ್ನು ಹೇಳಲು ನೋವಾಗುವ ಒಂದು ಲೆಕ್ಕವಿದೆ. 2001ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 934 ಹೆಣ್ಣುಮಕ್ಕಳಿದ್ದರು. 2011ರಲ್ಲಿ 939, ಆಗ ರಾಜ್ಯದ್ದು 948. ಎರಡು ಜನಗಣತಿಗಳು ಒಂದೇ ಮಾತನ್ನು ಹೇಳಿದ್ದವು. 2023ರಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದಾಗ ನಾವೆಲ್ಲ ಬೆಚ್ಚಿಬಿದ್ದೆವು. 2024ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಭ್ರೂಣಹತ್ಯೆಯ ಪ್ರಕರಣ ಹೊರಬಂತು. ಬೆಲ್ಲ ಬೇಯುವ ಜಾಗದಲ್ಲಿ ಹೀಗೊಂದು ಕೆಲಸ ನಡೆಯಿತೆಂದು ಊರೂರು ಆಡಿಕೊಂಡಿತು. ಆದರೆ ಸಂಖ್ಯೆಗಳು ಎರಡು ದಶಕ ಮೊದಲೇ ಕೂಗಿ ಹೇಳಿದ್ದನ್ನು ನಾವು ಕೇಳಿಸಿಕೊಂಡಿರಲಿಲ್ಲ. ಜನಗಣತಿ ಹತ್ತು ವರ್ಷಕ್ಕೊಮ್ಮೆ ಮಾತಾಡಿದರೆ, ಬಸುರಿಯರ ವಿವರ ಬರೆಯುವ ತಾಯಿ ಕಾರ್ಡಿನ ಪುಸ್ತಕ ತಿಂಗಳು ತಿಂಗಳೂ ಮಾತಾಡುತ್ತದೆ. ಮೂರನೆಯ ತಿಂಗಳ ಕಾಲಂನಲ್ಲಿ ಹೆಸರಿದ್ದು ಹೆರಿಗೆಯ ಕಾಲಂ ಖಾಲಿ ಉಳಿದ ಸಾಲುಗಳಲ್ಲಿ ತಾನಾಗಿ ಆದ ಗರ್ಭಪಾತಗಳೂ ಇರುತ್ತವೆ, ಕಾನೂನಿನೊಳಗೆ ಮಾಡಿಸಿಕೊಂಡವೂ ಇರುತ್ತವೆ. ಆ ಹೆಣ್ಣನ್ನು ಶಂಕಿಸಿ ಪೊಲೀಸರಂತೆ ಬಾಗಿಲು ಬಡಿಯುವುದು ಇನ್ನೊಂದು ಹಿಂಸೆ. ಮೊದಲ ಮಗು ಹೆಣ್ಣಾದ ಮನೆಗಳಲ್ಲಿಯೇ ಖಾಲಿ ಸಾಲುಗಳು ಹೆಚ್ಚಾದರೆ ಮಾತ್ರ ಆ ಒಟ್ಟು ಚಿತ್ರಕ್ಕೆ ಅರ್ಥವಿದೆ. ಒಂದು ಸಾಲು ಒಬ್ಬಳ ದುಃಖ, ಸಾಲುಗಳ ಮೊತ್ತ ನಮ್ಮೆಲ್ಲರ ಅಪರಾಧ.

ಇಷ್ಟೆಲ್ಲ ಹೇಳುವಾಗ ಸಂಖ್ಯೆ ಸುಳ್ಳು ಹೇಳುವುದನ್ನೂ ಒಪ್ಪಿಕೊಳ್ಳಬೇಕು. ಬಿಪಿಯ ಪುಟವೊಂದರಲ್ಲಿ ಸಾಲಾಗಿ 120/80 ಎಂದು ಬರೆದಿದ್ದನ್ನು ಒಮ್ಮೆ ನೋಡಿದ್ದೇನೆ. ಮನುಷ್ಯರ ರಕ್ತ ಅಷ್ಟು ಶಿಸ್ತಿನಿಂದ ಹರಿಯುವುದಿಲ್ಲ. ಬರೆದವರ ಮೇಲೆ ಸಿಟ್ಟು ಬಂತು, ಆಮೇಲೆ ನನ್ನದೇ ನೆನಪಾಯಿತು. ಫಲಿತಾಂಶದ ಶೇಕಡಾವಾರು ಬಿದ್ದರೆ ವಿವರಣೆ ಕೊಡಬೇಕಾಗಿದ್ದ ಒಂದು ವರ್ಷ, ಆಂತರಿಕ ಅಂಕಗಳನ್ನು ನಾನೂ ಸಮನಾಗಿ ಹಂಚಿದ್ದೆ. ಯಾವ ಮಗುವಿಗೆ ಭಿನ್ನರಾಶಿ ಬರುತ್ತಿರಲಿಲ್ಲವೋ ಆ ಮಗುವಿಗೇ ನಾನು ಮೋಸ ಮಾಡಿದ್ದು. ಗುರಿಗಾಗಿ ಬರೆದ ಸಂಖ್ಯೆ ಹಾಗೆಯೇ. ಬಿಡುವಿಲ್ಲದ, ಗೌರವಧನ ತಡವಾಗಿ ಬರುವ ಹೆಣ್ಣುಮಗಳ ಮೇಲೆ ಹತ್ತು ಪುಸ್ತಕ, ಮೂರು ಆಪ್ ಹೊರಿಸಿ, ಕಡಿಮೆಯಾದರೆ ಗದರಿದರೆ ಸತ್ಯ ಬರುವುದಿಲ್ಲ. ತಾನು ಬರೆದದ್ದರಿಂದ ತನ್ನ ಬೀದಿಯ ಒಬ್ಬರಿಗೆ ಒಳ್ಳೆಯದಾಯಿತು ಎಂದು ಒಮ್ಮೆ ಕಂಡವಳು ಮಾತ್ರ ಮುಂದಿನ ಸಲ ಎರಡು ಬಾರಿ ಅಳೆದು ಬರೆಯುತ್ತಾಳೆ.

ಹಾಗಾಗಿ ನಾವಿಬ್ಬರೂ ಯೋಚಿಸಿ ಒಂದು ಸಣ್ಣ ಕೆಲಸ ಮಾಡಿದೆವು. ಪ್ರತಿ ಊರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬುದೊಂದಿದೆ, ವರ್ಷಕ್ಕೆ 10,000 ರೂಪಾಯಿ ತನಕ ಸಮಿತಿಯೇ ತೀರ್ಮಾನಿಸಿ ಬಳಸಬಹುದಾದ ಅನ್‌ಟೈಡ್ ಹಣವೂ ಇದೆ. ಆ ಸಮಿತಿಯ ಸಭೆಯನ್ನು ಶಾಲೆಯಲ್ಲಿ ಕರೆದು, ಕರಿಹಲಗೆಯ ಮೇಲೆ ನಮ್ಮೂರಿನ ಒಟ್ಟು ಅಂಕಿಗಳನ್ನು ಸೀಮೆಸುಣ್ಣದಲ್ಲಿ ಬರೆದೆ. ಬರೆಯುವ ಮುಂಚೆ ಆಶಾ ನನ್ನ ಕೈ ತಡೆದಳು. ಒಂದು ಕಾಯಿಲೆಯ ಮುಂದೆ 1 ಎಂದಿತ್ತು. "ಸಾ, ಅದ್ ಬರೀಬ್ಯಾಡಿ. ಊರಲ್ಲಿ ಒಂದು ಅಂದ್ರೆ ಅದು ಹೆಸ್ರೇ ಆಯ್ತದೆ." ಗಣಿತದ ಯಾವ ಪುಸ್ತಕದಲ್ಲಿಯೂ ನಾನು ಓದದ ಪಾಠ ಅದು. ಸಂಖ್ಯೆ ಚಿಕ್ಕದಾದಷ್ಟೂ ಮನುಷ್ಯನಿಗೆ ಹತ್ತಿರವಾಗುತ್ತದೆ, ಹತ್ತಿರವಾದಷ್ಟೂ ಜೋಪಾನ ಬೇಕು. ಆ ಸಾಲನ್ನು ಬಿಟ್ಟೆ.

ಹಲಗೆಯನ್ನು ನೋಡುತ್ತಾ ಕೂತವರು ಮೊದಲು ಗಮನಿಸಿದ್ದು ಇದ್ದದ್ದನ್ನಲ್ಲ, ಇಲ್ಲದ್ದನ್ನು. ಮೂವತ್ತು ದಾಟಿದ ಗಂಡಸರಲ್ಲಿ ಬಿಪಿ ನೋಡಿಸಿಕೊಂಡವರ ಜಾಗ ಬಹುಪಾಲು ಖಾಲಿ. ಏಕೆ? ಆಶಾ ಬರುವ ಹೊತ್ತಿಗೆ ಅವರು ಹೊಲದಲ್ಲಿರುತ್ತಾರೆ. ಸಿಸ್ಟರ್ ಬರುವ ಹೊತ್ತಿಗೂ ಅಲ್ಲಿಯೇ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು, "ಡೈರಿ ತಾವ ಬರಾಕಿಲ್ವಾ? ಬೆಳಿಗ್ಗೆ ಆರೂವರೆಗೆ ಎಲ್ಲಾರೂ ಕ್ಯಾನ್ ಇಡ್ಕಂಡು ಅಲ್ಲೇ ನಿಂತಿರ್ತಾರಲ್ಲ" ಎಂದಳು. ಹಾಲಿನ ಡೈರಿಯ ಮುಂದೆ ತಿಂಗಳಿಗೆ ಒಂದು ಬೆಳಿಗ್ಗೆ ಬಿಪಿ ಯಂತ್ರ ಹಿಡಿದು ಕೂರುವುದೆಂದು ಅಲ್ಲಿಯೇ ನಿಶ್ಚಯವಾಯಿತು. ಹಾಲಿನ ಫ್ಯಾಟ್ ನೋಡಿಸಲು ನಿಂತವರು ತೋಳು ಚಾಚಿದರು. ಜಿಲ್ಲೆಯ ಯಾವ ಕಚೇರಿಯಲ್ಲಿ ಕೂತು ಯೋಚಿಸಿದ್ದರೂ ಆ ಹೊತ್ತು, ಆ ಜಾಗ ಹೊಳೆಯುತ್ತಿರಲಿಲ್ಲ. ಹೊಳೆದದ್ದು ಖಾಲಿ ಜಾಗವನ್ನು ಆ ಹೆಂಗಸಿಗೆ ತೋರಿಸಿದ್ದರಿಂದ.

ಇದನ್ನು ನಾನು ದೊಡ್ಡ ಸಾಧನೆ ಎಂದು ಹೇಳುತ್ತಿಲ್ಲ. ವೈದ್ಯರ ಹುದ್ದೆ ಖಾಲಿ ಇದ್ದರೆ ಡೈರಿಯ ಮುಂದೆ ಕೂತು ತುಂಬಲಾಗದು. ರಾತ್ರಿ ಹೊತ್ತು ಎದೆನೋವು ಬಂದರೆ ನಾಗಮಂಗಲದ ತಾಲ್ಲೂಕು ಆಸ್ಪತ್ರೆಯೋ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಯೋ ಎಷ್ಟು ದೂರ ಎಂಬುದು ಬದಲಾಗದು. ಅವೆಲ್ಲ ಮೇಲಿನವರು ಮಾಡಬೇಕಾದ ಕೆಲಸ. ಆದರೆ ಕೇಳಲು ಹೋಗುವಾಗ "ನಮ್ಮೂರಿಗೆ ಡಾಕ್ಟರು ಕೊಡಿ" ಎಂದು ಕೈಮುಗಿಯುವುದಕ್ಕೂ, "ನಮ್ಮಲ್ಲಿ ಇಷ್ಟು ಜನಕ್ಕೆ ಬಿಪಿ ಇದೆ, ಇಷ್ಟು ಜನಕ್ಕೆ ಮಾತ್ರ ಮಾತ್ರೆ ಸಿಗುತ್ತಿದೆ" ಎಂದು ಹಾಳೆ ಮುಂದಿಡುವುದಕ್ಕೂ ವ್ಯತ್ಯಾಸವಿದೆ. ನಮ್ಮ ಭಾಷೆಯಲ್ಲಿ ಲೆಕ್ಕ ಇಡುವುದು ಒಂದು, ಲೆಕ್ಕ ಕೊಡುವುದು ಇನ್ನೊಂದು. ಇಡುವ ಕೆಲಸವನ್ನು ಸಾವಿರ ಜನಕ್ಕೊಬ್ಬಳು ಮಾಡುತ್ತಿದ್ದಾಳೆ. ಕೊಡುವ ಕೆಲಸ ಯಾರದ್ದು ಎಂದು ಕೇಳುವ ಹಕ್ಕು ಎಣಿಕೆಗೆ ಒಳಗಾದ ಪ್ರತಿಯೊಬ್ಬರದೂ.

ಸಭೆಯಾದ ಮೂರನೆಯ ದಿನ ಅಜ್ಜಿಯ ಜಗಲಿಗೆ ಮತ್ತೆ ಹೋದೆವು. ಸಭೆಗೆ ಬರಲು ಅವಳ ಮಂಡಿ ಬಿಟ್ಟಿರಲಿಲ್ಲ. ಆಶಾ ಪಕ್ಕದಲ್ಲಿ ಕೂತು ನಮ್ಮೂರಿನಲ್ಲಿ ಬಿಪಿ ಇರುವವರು ಎಷ್ಟು ಜನ ಎಂದು ಬೆರಳು ಮಡಿಸುತ್ತಾ ಹೇಳಿದಳು. ಅಜ್ಜಿ ಕೇಳಿಸಿಕೊಂಡಳು. ಮಡಿಲಿನಲ್ಲಿದ್ದ ಅವರೆಕಾಳನ್ನು ಒಂದು ಕಡೆ ಸರಿಸಿದಳು.

"ಅಂಗಾರೆ ನಾನೊಬ್ಳೇ ಅಲ್ಲ ಅನ್ನು."

ಸ್ವಲ್ಪ ಹೊತ್ತು ಸುಮ್ಮನಿದ್ದು, ಬೀದಿಯ ಆ ಕಡೆಯ ಮನೆಗಳತ್ತ ನೋಡುತ್ತಾ ಕೇಳಿದಳು: "ಮಿಕ್ಕೋರೆಲ್ಲ ಮಾತ್ರೆ ನುಂಗ್ತಾವ್ರಾ?"

ಆಶಾ ಚೀಲದಿಂದ ಪುಸ್ತಕ ತೆಗೆದಳು.